ಗೆರೆ ಕಾಣುವವರೆಗೆ

ಕಲ್ಲಕ್ಕನ ಬಗ್ಗೆ ಬರೆಯುತ್ತೇನೆ ಎಂದು ಅವರಿಗೇ ಹೇಳಿದಾಗ ಅವರು ಮೊದಲು ನಕ್ಕರು. ಬರೆಯುವಷ್ಟು ಏನಿದೆ, ಇಪ್ಪತ್ತೊಂಬತ್ತು ವರ್ಷ ಕಲ್ಲು ತೊಳೆದೆ, ಮುಗಿಯಿತಲ್ಲ ಎಂದರು. ಆಮೇಲೆ, "ಬರೆಯೋದೇ ಆದ್ರೆ ನಿಮ್ಮ ಪಾಲಿಂದನ್ನ ತೊಳೆದು ಬರೀಬೇಡಿ" ಎಂದರು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ತಪ್ಪು ಮಾಡಿದವನು ನಾನು. ಅದನ್ನು ಒಪ್ಪಿಕೊಳ್ಳಲು ನನಗೆ ಹನ್ನೊಂದು ದಿನ ಬೇಕಾಯಿತು.

ನಾನು ಚಿತ್ರಗಾರ. ಹೂವು, ಹೊಳೆ, ಸೂರ್ಯಾಸ್ತ ಬಿಡಿಸುವ ಚಿತ್ರಗಾರನಲ್ಲ. ಸಾವಿರಾರು ವರ್ಷಗಳ ಹಿಂದೆ ಬೆಟ್ಟದಲ್ಲಿ ಓಡಾಡಿದ ಜನ ಒಡೆದು ಮಾಡಿಕೊಂಡ ಕಲ್ಲಿನ ಹತಾರುಗಳನ್ನು ಅಳತೆ ತಪ್ಪದಂತೆ ಕಾಗದಕ್ಕೆ ಇಳಿಸುವವನು. ಬೆಳಕು ಯಾವಾಗಲೂ ಎಡಗಡೆ ಮೇಲಿನಿಂದಲೇ ಬೀಳಬೇಕು. ಚಕ್ಕೆ ಎದ್ದ ಒಂದೊಂದು ಜಾಗಕ್ಕೂ ಅದರದೇ ಗೆರೆ ಇರಬೇಕು, ಕಲ್ಲಿನಲ್ಲಿ ಎಷ್ಟು ಬಾಗಿದೆಯೋ ಕಾಗದದಲ್ಲೂ ಅಷ್ಟೇ ಬಾಗಬೇಕು. ಈ ಕೆಲಸ ಮನುಷ್ಯನನ್ನು ಸಿಡುಕನನ್ನಾಗಿ ಮಾಡುತ್ತದೆ ಎನ್ನುತ್ತಾರೆ. ನಾನು ಹುಟ್ಟಾ ಸಿಡುಕ, ಕೆಲಸ ಒಂದು ನೆಪ ಕೊಟ್ಟಿತು ಅಷ್ಟೆ.

ನಮ್ಮ ಸಂಗ್ರಹಾಲಯ ಇರುವುದು ಬೆಟ್ಟದ ಬುಡದ ಪಟ್ಟಣದಲ್ಲಿ, ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ. ಮೊದಲು ಅದು ಉಣ್ಣೆಯ ಗೋದಾಮಾಗಿತ್ತು. ಮುಂದಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳಿವೆ, ಶಾಲೆಯ ಮಕ್ಕಳು ಬಂದು ಗಾಜಿಗೆ ಮೂಗು ಒತ್ತಿ ಗುರುತು ಬಿಟ್ಟು ಹೋಗುತ್ತಾರೆ. ಮಹಡಿಯ ಮೇಲೆ ನನ್ನ ಮೇಜು. ಹಿಂದುಗಡೆ ಎರಡು ಮೆಟ್ಟಿಲು ಇಳಿದರೆ ತೊಳೆಯುವ ಕೋಣೆ. ಅಲ್ಲಿ ಮೂರು ಸಿಮೆಂಟು ತೊಟ್ಟಿ, ಒಂದು ಮೋಟು ಸ್ಟೂಲು, ಗೋಡೆಯುದ್ದಕ್ಕೂ ಕಲ್ಲು ಒಣಗಿಸುವ ಜಾಲರಿ ತಟ್ಟೆಗಳು, ಡಬ್ಬಿಯ ತುಂಬ ಹಲ್ಲುಜ್ಜುವ ಬ್ರಷ್ಷುಗಳು, ಮೊಳೆಗೆ ನೇತುಹಾಕಿದ ಒಂದು ತಂತಿ ಬ್ರಷ್ಷು. ಅಲ್ಲಿಯ ಕಿಟಕಿಯಿಂದ ಬೆಟ್ಟ ಕಾಣುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಅಲ್ಲಿಂದ ಇಳಿದು ಬರುವ ಚೀಲಗಳನ್ನು ಬಿಚ್ಚಿದವರಿಗೆ ಮಾತ್ರ ಅದರ ಒರಟು ಗೊತ್ತು.

ಬೆಟ್ಟದ ಮೇಲೆ, ಆಚೆ ಕಣಿವೆಗೆ ದಾಟುವ ದಾರಿಗಿಂತ ಸ್ವಲ್ಪ ಕೆಳಗೆ, ಸೂರಿನ ಹಾಗೆ ಮುಂದಕ್ಕೆ ಚಾಚಿದ ಒಂದು ಬಂಡೆಯಿದೆ. ಆ ಕಾಲದ ಜನ ಕಾಡುಮೇಕೆಗಳ ಬೇಟೆಗೆ ಬಂದು ಅದರಡಿ ತಂಗುತ್ತಿದ್ದರು. ಹಿಮ ಕರಗಿರುವ ಮೂರು ತಿಂಗಳು ಮಾತ್ರ ಅಲ್ಲಿ ಅಗೆಯಬಹುದು. ಆ ಬೇಟೆಗಾರರೂ ಆ ಮೂರು ತಿಂಗಳಲ್ಲೇ ಬರುತ್ತಿದ್ದರು. ಅಗೆತದ ಯಜಮಾನರನ್ನು ನಾವೆಲ್ಲ ದೊಡ್ಡ ಮೇಷ್ಟ್ರು ಎನ್ನುತ್ತೇವೆ. ಮೊದಲ ವರ್ಷ ಪಟ್ಟಣದವರು, ಮೇಷ್ಟ್ರು ಬೆಟ್ಟ ಅಗೆದು ಇಲಿ ಹಿಡಿಯಲು ಹೊರಟಿದ್ದಾರೆ ಎಂದು ಆಡಿಕೊಂಡರು. ಮೂರು ತಿಂಗಳು ಕಳೆಯುವಷ್ಟರಲ್ಲಿ ನಲವತ್ತು ಚೀಲ ಕಲ್ಲು ಹೇಸರಗತ್ತೆಯ ಬೆನ್ನೇರಿ ಇಳಿದು ಬಂದವು. ತೊಳೆಯಲು ಒಬ್ಬರು ಬೇಕಾಯಿತು, ಕಲ್ಲಕ್ಕ ಬಂದದ್ದು ಆಗ.

ಆಗ ಅವರಿಗೆ ಮೂವತ್ತೊಂದು, ನನಗೆ ಇಪ್ಪತ್ತೈದು. ಅದಕ್ಕೆ ಮೊದಲು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುತ್ತಿದ್ದರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಒಬ್ಬಳೇ ಮಗಳು. ನಮ್ಮನೆಗೆ ಒಬ್ಬರು ಗ್ರೀಸ್ ತರುತ್ತಾರೆ, ಒಬ್ಬರು ಮಣ್ಣು ತರುತ್ತಾರೆ, ಮಗಳೊಬ್ಬಳೇ ಬರಿಗೈಲಿ ಬರುವವಳು ಎಂದು ತಮಾಷೆ ಮಾಡುತ್ತಿದ್ದರು. ಮಗಳು ಮುಂದೆ ನರ್ಸ್ ಆದಳು. ಕಲ್ಲಕ್ಕ ಎಂಬ ಹೆಸರು ಇಟ್ಟವನು ಹೇಸರಗತ್ತೆ ಹೊಡೆಯುವವನು. ವಯಸ್ಸಿನಲ್ಲಿ ಆರು ವರ್ಷ ಹಿರಿಯರಾದರೂ ನಾನು ಅವರನ್ನು ಆಗೆಲ್ಲ ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಮೇಜು ಮಹಡಿಯ ಮೇಲಿದ್ದರೆ ನಾಲಿಗೆಯೂ ಮೇಲೇರುತ್ತದೆ.

ಅವರ ಅಪ್ಪ ಹಿಟ್ಟಿನ ಗಿರಣಿಗಳಿಗೆ ಹೋಗಿ ಸವೆದ ಬೀಸುಕಲ್ಲಿಗೆ ಮತ್ತೆ ಕಚ್ಚು ಹೊಡೆದು ಕೊಡುವವನು. ಅಕ್ಕ ಸಣ್ಣವರಿದ್ದಾಗ ಪಕ್ಕದಲ್ಲಿ ಕೂತು, ಸಿಡಿದ ಚೂರುಗಳನ್ನು ಅಪ್ಪನ ಕಾಲಿಗೆ ಚುಚ್ಚದಂತೆ ಆಯ್ದು ಹಾಕುತ್ತಿದ್ದರಂತೆ. ಹಾಗಾಗಿ ಕಲ್ಲು ಅವರಿಗೆ ಹೊಸದಲ್ಲ. ಬಂದ ಮೊದಲ ತಿಂಗಳೇ ದೊಡ್ಡ ಮೇಷ್ಟ್ರು ಒಂದು ತಟ್ಟೆಯಲ್ಲಿ ನೂರು ಚೂರು ಬೆರೆಸಿ ಅವರ ಮುಂದಿಟ್ಟರು. ಅರ್ಧ ಮನುಷ್ಯರು ಒಡೆದದ್ದು, ಅರ್ಧ ಹಿಮಕ್ಕೆ ಸೀಳಿ ಬಂಡೆಯಿಂದ ಬಿದ್ದು ತಾನಾಗಿ ಒಡೆದದ್ದು. ಬೇರೆ ಮಾಡಲು ಕಲಿಯುವುದಕ್ಕೆ ವಿದ್ಯಾರ್ಥಿಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಕ್ಕ ಅರ್ಧ ಗಂಟೆಯಲ್ಲಿ ಮುಗಿಸಿದರು, ತಪ್ಪಿದ್ದು ನಾಲ್ಕು.

ಹೇಗೆ ಗೊತ್ತಾಯಿತು ಎಂದು ಮೇಷ್ಟ್ರು ಕೇಳಿದರು. "ಬೆಟ್ಟ ಒಡೆದಿದ್ದು ಸಿಟ್ಟಲ್ಲಿ ಒಡೆದ ಹಾಗಿರುತ್ತೆ ಸರ್, ಎಲ್ಲೆಂದ್ರಲ್ಲಿ. ಮನುಷ್ಯ ಒಡೆದಿದ್ರಲ್ಲಿ ಏಟು ಬಿದ್ದಿದ್ದು ಒಂದೇ ಜಾಗ. ಅದರ ಕೆಳಗೇ ಸಣ್ಣ ಉಬ್ಬು ಇರುತ್ತೆ. ನಂಗೆ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತೆ." ಮೇಷ್ಟ್ರು ನನ್ನ ಕಡೆ ತಿರುಗಿ, ನೋಡಿ ಕಲಿ ಎಂದರು. ಅದು ನನಗೆ ರುಚಿಸಲಿಲ್ಲ ಎಂಬುದನ್ನೂ ಬರೆಯಬೇಕು.

ಆ ವರ್ಷದ ಕೊನೆಗೆ ನನ್ನ ಮೊದಲ ಇಪ್ಪತ್ತು ಚಿತ್ರಗಳು ಅಚ್ಚಿಗೆ ಹೋಗಿ ಹಾಗೇ ವಾಪಸ್ಸು ಬಂದವು. ಗೆರೆಗಳು ಸ್ಪಷ್ಟವಿಲ್ಲ, ಕಲ್ಲಿನ ಮೇಲೆ ಕೊಳೆಯಿದ್ದಂತೆ ಕಾಣುತ್ತದೆ ಎಂದು ಷರಾ ಬರೆದಿದ್ದರು. ಮೇಷ್ಟ್ರು ಎಲ್ಲರ ಮುಂದೆ ನನ್ನನ್ನು ಬೈದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನಾನು ದಡದಡ ಮೆಟ್ಟಿಲಿಳಿದು ತೊಳೆಯುವ ಕೋಣೆಗೆ ಹೋದೆ.

ಅಕ್ಕನ ಕೈಯಲ್ಲಿ ಒಂದು ಹೆರೆಗಲ್ಲಿತ್ತು. ಚರ್ಮಕ್ಕೆ ಅಂಟಿದ ಮಾಂಸ, ಕೊಬ್ಬು ಹೆರೆದು ತೆಗೆಯಲು ಮಾಡಿದ ಕಲ್ಲು. ಬೂದು ಬಣ್ಣದ ಚಕಮಕಿ ಕಲ್ಲಿನದು, ಹೆಬ್ಬೆರಳಿನಷ್ಟು ಗಾತ್ರ, ಒಂದು ತುದಿಯಲ್ಲಿ ಸಾಲಾಗಿ ಸಣ್ಣ ಚಕ್ಕೆ ಎಬ್ಬಿಸಿ ಅಂಚು ಮಾಡಿದ್ದರು. ಅದರ ನಂಬರು ಹನ್ನೊಂದು. ಆವರೆಗೆ ಅಕ್ಕ ತೊಳೆಯುತ್ತಿದ್ದದ್ದು ಬರೀ ನೀರಲ್ಲಿ, ಬೆರಳಲ್ಲಿ. ಅವರು ಆ ಕಲ್ಲನ್ನು ನನ್ನ ಮುಂದೆ ಹಿಡಿದು, "ಇಲ್ಲಿ ಕಪ್ಪಗೆ ಅಂಟಿಕೊಂಡಿದೆ ನೋಡಿ ಸರ್. ಇದು ಮಣ್ಣಲ್ಲ. ಮಣ್ಣಾಗಿದ್ರೆ ನೀರಿಗೆ ಹೋಗೋದು. ಇದನ್ನ ಹಂಗೇ ಬಿಡ್ಲಾ?" ಎಂದು ಕೇಳಿದರು.

ಕೇಳಿದ್ದು ಅಷ್ಟೇ. ನಾನು ಕಲ್ಲನ್ನು ಕೈಗೆ ತೆಗೆದುಕೊಂಡು ನೋಡಿದೆ. ನೋಡಿ, "ಕೊಳೆ ಅಂದ್ರೆ ಕೊಳೆ. ನಿನ್ನ ಕೆಲಸ ತೊಳೆಯೋದು, ಯೋಚನೆ ಮಾಡೋದಲ್ಲ. ಆ ತಂತಿ ಬ್ರಷ್ ತಗೊಂಡು ಉಜ್ಜು" ಎಂದೆ. ಹೇಳಿದ್ದು ಸಾಲದು ಎಂದು ಮೇಲೆ ಹೋಗಿ, ದಪ್ಪ ಕಾಗದದ ಮೇಲೆ ನನ್ನ ಚಂದದ ಅಕ್ಷರದಲ್ಲಿ "ಗೆರೆ ಕಾಣುವವರೆಗೆ ಉಜ್ಜು" ಎಂದು ಬರೆದು ತಂದುಕೊಟ್ಟೆ. ಅಕ್ಕ ಅದರ ನಾಲ್ಕು ಮೂಲೆಗೂ ಅಂಟು ಹಚ್ಚಿ, ಸ್ಟೂಲಿನ ಮೇಲೆ ಕೂತಾಗ ಕಣ್ಣಿಗೆ ಬೀಳುವ ಎತ್ತರದಲ್ಲಿ ಗೋಡೆಗೆ ಅಂಟಿಸಿದರು. ಹನ್ನೊಂದನೇ ನಂಬರಿನ ಕಲ್ಲು ಮಾರನೆಯ ದಿನ ನನ್ನ ಮೇಜಿಗೆ ಬಂದಾಗ ಫಳಫಳ ಹೊಳೆಯುತ್ತಿತ್ತು. ಅದರ ಚಿತ್ರವನ್ನು ಎಲ್ಲರೂ ಹೊಗಳಿದರು.

ಅಲ್ಲಿಂದ ವರ್ಷಗಳು ಉರುಳಿದವು. ನೀರಲ್ಲಿ ನೆನೆದು ನೆನೆದು ಅಕ್ಕನ ಬೆರಳ ತುದಿಗಳು ಸುಕ್ಕಾದವು, ತಣ್ಣೀರಿನ ತಿಂಗಳುಗಳಲ್ಲಿ ಬಿರಿದು ರಕ್ತ ಬರುತ್ತಿತ್ತು. ಒಮ್ಮೆಯೂ ಒಂದು ಕಲ್ಲು ಬೇರೆ ಚೀಲಕ್ಕೆ ಸೇರಲಿಲ್ಲ, ಕಲ್ಲು ಸಿಕ್ಕ ಜಾಗ ಬರೆದ ಒಂದು ಚೀಟಿ ಕಳೆಯಲಿಲ್ಲ. ತೊಳೆದ ಕಲ್ಲಿನ ಬೆನ್ನಿಗೆ ಸೂಜಿಯಂಥ ನಿಬ್ಬಿನಲ್ಲಿ ನಂಬರು ಬರೆಯುವುದೂ ಅವರದೇ ಕೆಲಸವಾಯಿತು. ನನ್ನ ಸಿಡುಕಿಗೆ ಅವರು ಹೆದರುವುದನ್ನು ಬಿಟ್ಟರು. ನಾನು ಯಾವ ವರ್ಷದಲ್ಲೋ ಅಕ್ಕ ಎಂದು ಕರೆಯಲು, ನೀವು ಎನ್ನಲು ಶುರುಮಾಡಿದೆ. ಕಾಗದ ಮಾತ್ರ ಗೋಡೆಯ ಮೇಲೆ ಹಳದಿಯಾಗುತ್ತ ಹಾಗೇ ಇತ್ತು. ಮೇಷ್ಟ್ರು ಆ ಕೋಣೆಗೆ ಇಳಿಯುತ್ತಿದ್ದದ್ದೇ ಅಪರೂಪ, ಅದನ್ನು ಓದುವವರು ಅಕ್ಕ ಒಬ್ಬರೇ.

ಆರನೆಯ ವರ್ಷ ಅವರು ಹಟಮಾಡಿ ಬೆಟ್ಟಕ್ಕೆ ಬಂದರು. ನಾನು ತೊಳೆಯುವುದು ಯಾರ ಮನೆಯ ಪಾತ್ರೆ ಎಂದು ಒಮ್ಮೆಯಾದರೂ ನೋಡಬೇಡವೇ ಎಂಬುದು ಅವರ ವಾದ. ಬೆನ್ನಿಗೆ ಹೊರೆ ಕಟ್ಟಿಕೊಂಡು ಒಂದು ಹಗಲು ಪೂರ್ತಿ ಹತ್ತಿದರು. ಬಂಡೆಯಡಿ ಕೂತು ಉಸಿರು ಸುಧಾರಿಸಿಕೊಳ್ಳುತ್ತಿದ್ದಾಗ ಮೇಷ್ಟ್ರು ತಮಗಿದ್ದ ಒಂದು ತೊಡಕನ್ನು ಹೇಳುತ್ತಿದ್ದರು. ಒಳ್ಳೆಯ ಚಕಮಕಿ ಕಲ್ಲು ಸಿಗುವುದು ಕೆಳಗಿನ ಹೊಳೆಯ ಪಾತ್ರದಲ್ಲಿ. ಮೇಲೆ ಬಂಡೆಯಡಿ ಅದೇ ಕಲ್ಲಿನ ಸಣ್ಣ ಚಕ್ಕೆಗಳು ಸಾವಿರಗಟ್ಟಲೆ ಇವೆ. ಆದರೆ ಆ ಗುಂಡುಕಲ್ಲಿನ ಹೊರಮೈಯ ಒರಟು ಸಿಪ್ಪೆ ಮೇಲೆಲ್ಲೂ ಕಾಣುವುದಿಲ್ಲ, ಯಾಕೆ?

"ಹೊರೋರು ಯಾರಾದ್ರೂ ಸಿಪ್ಪೆ ಹೊತ್ತುಕೊಂಡು ಬೆಟ್ಟ ಹತ್ತುತ್ತಾರಾ ಸರ್?" ಎಂದರು ಅಕ್ಕ, ಹೆಗಲು ತಿಕ್ಕಿಕೊಳ್ಳುತ್ತ. "ಕೆಳಗೇ ಸುಲಿದಿರ್ತಾರೆ. ತಿರುಳು ಮಾತ್ರ ತಂದಿರ್ತಾರೆ."

ಮರುವರ್ಷ ಮೇಷ್ಟ್ರು ಹೊಳೆಯ ಪಾತ್ರದಲ್ಲಿ ಅಗೆಸಿದರು. ಸಿಪ್ಪೆ ಮೊಣಕಾಲುದ್ದ ಬಿದ್ದಿತ್ತು. ಮೇಷ್ಟ್ರ ಲೇಖನದಲ್ಲಿ ಆ ಮಾತು ಬಂತು, ಅದನ್ನು ಆಡಿದವರ ಹೆಸರು ಬರಲಿಲ್ಲ.

ಅಕ್ಕ ಬೆಟ್ಟಕ್ಕೆ ಬಂದ ಆ ಬೇಸಿಗೆಯ ಇನ್ನೊಂದು ದಿನವೂ ನನಗೆ ನೆನಪಿದೆ. ಮೇಷ್ಟ್ರು ನಮಗೆಲ್ಲ ಕಲ್ಲು ಒಡೆಯುವ ಬಗೆ ತೋರಿಸಲು ಹೋಗಿ ತಮ್ಮ ಹೆಬ್ಬೆರಳನ್ನೇ ಜಜ್ಜಿಕೊಂಡರು. ಅಕ್ಕ ಆ ಗುಂಡುಕಲ್ಲನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟು, ತಿರುಗಿಸಿ ತಿರುಗಿಸಿ ನೋಡಿದರು. ಏಟು ಹಾಕುವ ಮೊದಲು ಅಂಚನ್ನು ಇನ್ನೊಂದು ಕಲ್ಲಿಗೆ ತಿಕ್ಕಿ ಗಟ್ಟಿ ಮಾಡಿಕೊಂಡರು. ಆಮೇಲೆ ಒಂದೇ ಏಟಿಗೆ ಎಲೆಯಷ್ಟು ತೆಳ್ಳನೆಯ ಚಕ್ಕೆ ಕೆಳಗೆ ಬಿತ್ತು. ಅದರಲ್ಲಿ ಹಗ್ಗ ಕೊಯ್ದು ತೋರಿಸಿದರು. ಒಡೆದ ಚೂರುಗಳನ್ನೆಲ್ಲ ಒಂದೂ ಬಿಡದೆ ಚೀಲಕ್ಕೆ ತುಂಬಿ ಕೆಳಗೆ ತಂದೆವು. ಬಿಟ್ಟು ಬಂದರೆ ಮುಂದೆ ಅಗೆಯುವವರು ನಮ್ಮ ಮೇಷ್ಟ್ರನ್ನೇ ಆದಿಮಾನವ ಎಂದುಕೊಂಡಾರು ಎಂದು ಅಕ್ಕ ಹೇಳಿದಾಗ ಮೇಷ್ಟ್ರೂ ಬೆರಳು ಹಿಡಿದುಕೊಂಡೇ ನಕ್ಕರು.

ಅಕ್ಕನ ನಿವೃತ್ತಿಗೆ ಒಂದು ತಿಂಗಳಿರುವಾಗ ಸೂಕ್ಷ್ಮದರ್ಶಕದ ಮೇಡಂ ಬಂದರು. ಕಲ್ಲಿನ ಹತಾರಿನ ಅಂಚನ್ನು ನೂರಾರು ಪಟ್ಟು ದೊಡ್ಡದು ಮಾಡಿ ನೋಡಿ, ಅದರಿಂದ ಏನು ಕೆಲಸ ಮಾಡಿದ್ದರು ಎಂದು ಹೇಳುವ ವಿದ್ಯೆ ಅವರದು. ಚರ್ಮ ಹೆರೆದರೆ ಅಂಚು ಮಂಕಾಗಿ ಉರುಟಾಗುತ್ತದೆ, ಮರ ಕೆತ್ತಿದರೆ ಹೊಳಪು ಬರುತ್ತದೆ, ಕೆಲವು ಸಲ ಕಲ್ಲಿಗಂಟಿದ ನಾರು, ರಕ್ತ, ಮರದ ಅಂಟು ಸಾವಿರಾರು ವರ್ಷ ಹಾಗೇ ಉಳಿದಿರುತ್ತದೆ. ನಮ್ಮ ಬೆಟ್ಟದ ಜನ ಏನು ಮಾಡಿಕೊಂಡಿದ್ದರು ಎಂದು ಇನ್ನು ಕಲ್ಲೇ ಹೇಳುತ್ತದೆ ಎಂದು ಮೇಷ್ಟ್ರಿಗೆ ಭಾರೀ ಆಸೆ. ಅಷ್ಟು ಹೊತ್ತಿಗೆ ಅವರು ಕೋಲು ಹಿಡಿದು ಓಡಾಡುತ್ತಿದ್ದರು, ಕೆಲಸ ಬಿಟ್ಟರೂ ಕುರ್ಚಿ ಬಿಟ್ಟಿರಲಿಲ್ಲ.

ಮೇಡಂ ಒಂದು ವಾರ ನೋಡಿದರು. ಆಮೇಲೆ ನಮ್ಮೆಲ್ಲರನ್ನೂ ಮುಂದಿನ ಕೋಣೆಗೆ ಕರೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡಿದರು. "ನಿಮ್ಮ ಕಲ್ಲುಗಳ ಮೇಲೆಲ್ಲ ಒಂದೇ ಗುರುತಿದೆ. ಅದು ತಂತಿ ಬ್ರಷ್ಷಿಂದು" ಎಂದರು. ಉಳಿದದ್ದೆಲ್ಲ ಉಜ್ಜಿ ಹೋಗಿದೆ, ಇವುಗಳಿಂದ ಏನು ಕೆಲಸ ಮಾಡಿದರು ಎಂದು ಹೇಳಲು ಇನ್ನು ಸಾಧ್ಯವಿಲ್ಲ ಎಂದರು.

ಮೇಷ್ಟ್ರ ಕೋಲು ನೆಲಕ್ಕೆ ಬಡಿಯಿತು. ಯಾರು ಹೀಗೆ ತೊಳೆದದ್ದು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತಾನಾಗಿ ಜೇಬಿನ ಪೆನ್ಸಿಲಿನ ಮೇಲೆ ಹೋಯಿತು. ಬಾಯಿ ಮಾತ್ರ ತೆರೆಯಲಿಲ್ಲ. ಬಾಗಿಲ ಹತ್ತಿರ ತಟ್ಟೆ ಹಿಡಿದು ನಿಂತಿದ್ದ ಅಕ್ಕ, "ನಾನೇ ಸರ್" ಎಂದರು. ಮೇಷ್ಟ್ರು ಅವರನ್ನು ಬೈಯಲಿಲ್ಲ. ಇನ್ನು ಕಲ್ಲು ಮುಟ್ಟಬೇಡಿ ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಎಲ್ಲರೂ ಹೋದ ಮೇಲೆ ನಾನು ಹಿಂದಿನ ಕೋಣೆಗೆ ಇಳಿದೆ. ಕಾಗದ ಗೋಡೆಯ ಮೇಲೆ ಇರಲಿಲ್ಲ. ಎಲ್ಲಿ ಎಂದು ಕೇಳಿದೆ. ಹಳೆಯದಾಗಿತ್ತು, ಕಿತ್ತು ಮನೆಗೆ ಒಯ್ದು ಒಲೆಗೆ ಹಾಕಿದೆ ಎಂದರು. ಮೇಡಂ ಎರಡನೆಯ ದಿನವೇ ಯಾರ ಹತ್ತಿರವೋ ತಂತಿ ಬ್ರಷ್ಷಿನ ಮಾತು ಆಡಿದ್ದು ಅವರ ಕಿವಿಗೆ ಬಿದ್ದಿತ್ತಂತೆ. ಅವರು ತೊಟ್ಟಿಯ ನೀರು ಬಿಡುತ್ತ, ನನ್ನ ಕಡೆ ನೋಡದೆ ಹೇಳಿದರು: "ನಂಗೆ ಇನ್ನು ಮೂರು ವಾರ. ನಿಮಗಿನ್ನೂ ಆರು ವರ್ಷ ಇದೆ."

ಆಗ ನನಗಾದದ್ದು ನಾಚಿಕೆ ಎಂದು ಬರೆಯಲು ಕೈ ಓಡುತ್ತದೆ. ಆದದ್ದು ನಿರಾಳ. ಮಹಡಿ ಹತ್ತಿ ಮೇಜಿನ ಮುಂದೆ ಕೂತು, ಅರ್ಧಕ್ಕೆ ಬಿಟ್ಟಿದ್ದ ಗೆರೆಯನ್ನು ಮುಂದುವರಿಸಿದೆ. ನಾಚಿಕೆ ಬಂದದ್ದು ಆಮೇಲೆ.

ಅಕ್ಕ ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಒಣಗಿದ ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ವರದಿಯ ಕರಡು ಚಿತ್ರಗಳಿಗಾಗಿ ನನ್ನ ಮೇಜಿಗೆ ಬಂತು. "ತೊಳೆಯುವ ಕೆಲಸಗಾರರ ಅಜ್ಞಾನದಿಂದ ಸಂಗ್ರಹಕ್ಕೆ ತುಂಬಲಾರದ ನಷ್ಟವಾಗಿದೆ" ಎಂದು ಅದರಲ್ಲಿತ್ತು. ಅಚ್ಚಾದರೆ ಅದು ಎಂದೆಂದಿಗೂ ಹಾಗೇ ಉಳಿಯುತ್ತದೆ. ಕೆಲಸಗಾರರು ಎಂದು ಬರೆದಿದ್ದರೂ ನಮ್ಮಲ್ಲಿ ತೊಳೆಯುವವರು ಒಬ್ಬರೇ, ಓದಿದವರಿಗೆಲ್ಲ ಅದು ಗೊತ್ತು. ಮೂರು ವಾರಕ್ಕೆ ಅವರು ಈ ಮಾತನ್ನು ಹೊತ್ತು ಮನೆಗೆ ಹೋಗುತ್ತಾರೆ. ತಡೆಯಲು ಸಾಧ್ಯವಿದ್ದವನು ನಾನೊಬ್ಬನೇ.

ಒಂದು ಮಧ್ಯಾಹ್ನ ಅವರು ನನ್ನನ್ನು ನಿಲ್ಲಿಸಿ ಮಾತಾಡಿದರು. "ಇಷ್ಟು ವರ್ಷ ನಾನು ಮಣ್ಣು ತೊಳೀತಿದೀನಿ ಅಂದ್ಕೊಂಡಿದ್ದೆ ಸರ್. ಅವರು ಮಾಡಿದ ಕೆಲಸಾನೇ ತೊಳೆದುಬಿಟ್ನಲ್ಲ. ಆ ಚಳೀಲಿ ಕೂತು ಅವರು ಏನು ಮಾಡಿದ್ರು ಅಂತ ಇನ್ನು ಯಾರಿಗೂ ಗೊತ್ತಾಗಲ್ಲವಂತೆ." ಕೆಲಸ ಹೋದ ದುಃಖವಲ್ಲ ಅದು, ಹೆಸರು ಕೆಟ್ಟ ದುಃಖವೂ ಅಲ್ಲ. ಯಾರದೋ ಮನೆಯನ್ನು ತಾನೇ ಗುಡಿಸಿ ಹಾಕಿದೆ ಎಂಬ ದುಃಖ. ಆಗಲೂ ನಾನು ಏನೂ ಹೇಳಲಿಲ್ಲ. ಅವತ್ತಿಗೆ ಆರು ದಿನವಾಗಿತ್ತು.

ಹನ್ನೊಂದನೆಯ ದಿನ ಮೇಡಂ ತೊಳೆಯುವ ಕೋಣೆಯನ್ನು ನೋಡಲು ಬಂದರು. ಯಾವ ನೀರು, ಯಾವ ಬ್ರಷ್ಷು ಎಂದು ವರದಿಗೆ ಬರೆದುಕೊಳ್ಳಬೇಕಿತ್ತು. ಮೇಷ್ಟ್ರು, ನಾನು ಜೊತೆಗಿದ್ದೆವು. ಅಕ್ಕ ಎದ್ದು ನಿಂತರು. ಮೇಡಂ ತೊಟ್ಟಿ ನೋಡಿದರು, ಬ್ರಷ್ಷಿನ ತಂತಿಯನ್ನು ಉಗುರಲ್ಲಿ ಮುಟ್ಟಿ ನೋಡಿದರು, ಆಮೇಲೆ ಅಕ್ಕನ ಸ್ಟೂಲಿನ ಮೇಲೆ ಕೂತರು. ಕೂತವರು ಎದುರಿನ ಗೋಡೆಯನ್ನು ನೋಡಿ ಹಾಗೇ ಉಳಿದರು. ವರ್ಷಗಳ ತೇವಕ್ಕೆ ಕಪ್ಪಾದ ಗೋಡೆಯಲ್ಲಿ ಒಂದು ಕಾಗದದ ಅಳತೆಯ ಜಾಗ ಮಾತ್ರ ಬೆಳ್ಳಗಿತ್ತು.

ಇಲ್ಲಿ ಏನಿತ್ತು ಎಂದು ಕೇಳಿದರು. ಕ್ಯಾಲೆಂಡರು ಎಂದರು ಅಕ್ಕ.

"ಕ್ಯಾಲೆಂಡರ್ ಆದ್ರೆ ಮೊಳೆ ತೂತು ಇರಬೇಕಲ್ಲ" ಎಂದರು ಮೇಡಂ, ಗೋಡೆಯ ಹತ್ತಿರ ಬಗ್ಗಿ. "ನಾಲ್ಕು ಮೂಲೇಲೂ ಅಂಟಿನ ಕಲೆ ಇದೆ. ವರ್ಷ ವರ್ಷ ಬದಲಾಯಿಸಿಲ್ಲ, ಇದು ಒಂದೇ ಕಾಗದ, ಬಹಳ ಕಾಲ ಇದ್ದದ್ದು. ಕೂತು ಕೆಲಸ ಮಾಡೋರು ಓದಲಿ ಅಂತ ಹಾಕಿದ್ದು."

ಅಕ್ಕ ನನ್ನನ್ನು ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಡಬ್ಬಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ಅವರ ಕೈಯ ಬಿರುಕುಗಳು ಆ ಬೆಳಕಲ್ಲಿ ಕಾಣುತ್ತಿದ್ದವು.

"ಅದು ನನ್ನ ಕಾಗದ" ಎಂದೆ. ಉಳಿದದ್ದನ್ನೆಲ್ಲ ನಿಂತಲ್ಲೇ ಹೇಳಿದೆ. ಏನು ಬರೆದಿದ್ದೆ, ಯಾಕೆ ಬರೆದಿದ್ದೆ, ತಂತಿ ಬ್ರಷ್ಷು ಯಾರು ಕೈಗೆ ಕೊಟ್ಟದ್ದು, ಎಲ್ಲ. ಅದಕ್ಕೂ ಮೊದಲು ಅವರು ಇದು ಮಣ್ಣಲ್ಲ, ಬಿಡಲೇ ಎಂದು ಕೇಳಿದ್ದರು, ನಾನು ಯೋಚನೆ ಮಾಡಬೇಡ ಎಂದಿದ್ದೆ ಎಂಬುದನ್ನೂ ಹೇಳಿದೆ.

ಮೇಷ್ಟ್ರು ಕೂಗಾಡಿದರು. ನನ್ನಿಂದ ಲಿಖಿತ ವಿವರಣೆ ಕೇಳಿದರು, ಒಂದು ಪುಟ ಬರೆದುಕೊಟ್ಟೆ. ಅದು ಕಡತಕ್ಕೆ ಸೇರಿತು, ಅಲ್ಲಿಗೆ ಮುಗಿಯಿತು. ನನ್ನ ಉಳಿದ ಆರು ವರ್ಷದಲ್ಲಿ ಒಂದು ದಿನವೂ ಕಡಿಮೆಯಾಗಲಿಲ್ಲ. ಅಕ್ಕ ಮೈಮೇಲೆ ಎಳೆದುಕೊಂಡು ನನ್ನನ್ನು ಕಾಪಾಡಿದ್ದು ಇಷ್ಟೇ ಇಷ್ಟು ಶಿಕ್ಷೆಯಿಂದ. ಸಂಜೆ ಅವರು ಮನೆಗೆ ಹೊರಟಾಗ ಗೇಟಿನ ಹತ್ತಿರ ನಿಂತಿದ್ದೆ. "ಗೋಡೆ ಹೇಳಿದ ಮೇಲೆ ನೀವು ಹೇಳಿದ್ರಿ" ಎಂದರು. ಅವರ ದನಿಯಲ್ಲಿ ಆವರೆಗೆ ಕೇಳದ ಗಡಸಿತ್ತು.

ಆದರೆ ಅವತ್ತು ನನ್ನ ಮಾತೆಲ್ಲದರಲ್ಲಿ ಮೇಡಂ ಹಿಡಿದುಕೊಂಡದ್ದು ಒಂದನ್ನೇ. ಮಾರನೆಯ ದಿನ ಅವರು ಅಕ್ಕನ ಪಕ್ಕ ಕೂತು, ಆ ಕಪ್ಪು ಎಲ್ಲಿರುತ್ತಿತ್ತು ಎಂದು ಕೇಳಿದರು. ಅಕ್ಕ ತಡವರಿಸಲಿಲ್ಲ. ಹೆರೆಯುವ ಅಂಚಿನ ಮೇಲಲ್ಲ, ಅದರ ಎದುರು ತುದಿಗೆ, ಬೆನ್ನಿನ ಕಡೆಗೆ ಎಂದರು. "ನಮ್ಮಪ್ಪ ಚೂರಿಗೆ ಹಿಡಿ ಕೂರಿಸುವಾಗ ಅರಗು ಕಾಸಿ ತುಂಬ್ತಿದ್ರು ಮೇಡಂ. ಹಿಡಿ ಮುರಿದ್ರೆ ಚೂರಿ ಬಾಲಕ್ಕೆ ಹೀಗೇ ಅಂಟಿಕೊಂಡಿರೋದು. ನಂಗೆ ಆವಾಗ್ಲೇ ಹಾಗನ್ನಿಸಿತ್ತು. ಕೇಳೋರು ಇರಲಿಲ್ಲ."

ಉಳಿದ ದಿನಗಳಷ್ಟೂ ಆ ಕೋಣೆಯಲ್ಲಿ ನಡೆದದ್ದು ಒಂದೇ ಕೆಲಸ. ಡ್ರಾಯರುಗಳಿಂದ ಹಳೆಯ ಹೆರೆಗಲ್ಲುಗಳು ಇಳಿದು ಬಂದವು. ಅಕ್ಕ ಒಂದೊಂದನ್ನೂ ಕೈಗೆ ತೆಗೆದುಕೊಂಡು, ಹೆಬ್ಬೆರಳು ಆಡಿಸಿ, ಇಲ್ಲಿಂದ ಇಲ್ಲಿಯವರೆಗೆ ಎನ್ನುತ್ತಿದ್ದರು. ನಾನು ಆ ಕಲ್ಲಿನ ನನ್ನ ಹಳೆಯ ಚಿತ್ರವನ್ನು ಮುಂದಿಟ್ಟುಕೊಂಡು ಆ ಜಾಗದಲ್ಲಿ ಚುಕ್ಕಿಗೆರೆ ಹಾಕುತ್ತಿದ್ದೆ. ಎಷ್ಟೋ ಕಲ್ಲುಗಳಿಗೆ, ನೆನಪಿಲ್ಲ, ಹಾಕಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿದರು. ಮೇಡಂಗೆ ಸಂತೋಷವಾಗಲಿ ಎಂದು ಒಂದನ್ನೂ ಸೇರಿಸಲಿಲ್ಲ. ಆರುನೂರಕ್ಕೂ ಮಿಕ್ಕಿ ನೋಡಿದ್ದರಲ್ಲಿ ಅವರು ಖಂಡಿತ ಎಂದದ್ದು ಅರವತ್ತಮೂರು.

ಮೇಡಂ ಆ ಅರವತ್ತಮೂರನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅಕ್ಕ ಹೇಳಿದ ಜಾಗದಲ್ಲೇ, ಬ್ರಷ್ಷಿನ ತಂತಿ ಹೋಗಲಾರದ ಸಂದುಗಳಲ್ಲಿ, ಒಂಬತ್ತು ಕಲ್ಲುಗಳ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಕಣಗಳು ಸಿಕ್ಕವು. ಮರದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಕಾಸಿದ್ದು. ಆ ಕಲ್ಲುಗಳಿಗೆ ಮರದ್ದೋ ಕೊಂಬಿನದ್ದೋ ಹಿಡಿಯಿತ್ತು. ಕೈ ಮರಗಟ್ಟುವ ಚಳಿಯಲ್ಲಿ ಹೆಬ್ಬೆರಳಿನಷ್ಟು ಕಲ್ಲನ್ನು ಬರಿಗೈಲಿ ಹಿಡಿದು ಚರ್ಮ ಹೆರೆಯಲಾಗುವುದಿಲ್ಲ. ಬೆಟ್ಟ ಹತ್ತುವವರು ಹಿಡಿಯನ್ನು ಉಳಿಸಿಕೊಂಡು, ಸವೆದ ಕಲ್ಲನ್ನು ಮಾತ್ರ ಕಿತ್ತು ಬೇರೆ ಕೂರಿಸುತ್ತಿದ್ದರು. ಹಿಡಿಗಳು ಮಣ್ಣಾಗಿ ಹೋದವು, ಸವೆದು ಎಸೆದ ಕಲ್ಲುಗಳು ನಮಗೆ ಸಿಕ್ಕವು. ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಆ ಕಣವನ್ನು ಬಹಳ ಹೊತ್ತು ನೋಡಿದರು. ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಉಳಿದ ಸಾವಿರಾರು ಕಲ್ಲುಗಳದ್ದು ಹೋದದ್ದು ಹೋಯಿತು. ಒಂಬತ್ತು ಕಣ ಸಿಕ್ಕಿತೆಂದು ಅದನ್ನು ಮರೆಯುವಂತಿಲ್ಲ. ವರದಿಯಲ್ಲಿ ಆ ವಾಕ್ಯ ಬದಲಾಯಿತು, ಚಿತ್ರಗಾರನ ಲಿಖಿತ ಆದೇಶದಿಂದ ನಷ್ಟವಾಯಿತು ಎಂದು ಈಗ ಅಚ್ಚಿನಲ್ಲಿದೆ. ಬರೆಯಲು ಹೇಳಿದವನು ನಾನೇ.

ಅವರ ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಒಂದೇ ಕಲ್ಲು ಉಳಿದಿತ್ತು. ಅಕ್ಕ ಅದನ್ನು ಮೊದಲಿಂದಲೂ ಬೇಕೆಂದೇ ಪಕ್ಕಕ್ಕೆ ಇಟ್ಟುಕೊಂಡು ಬಂದಿದ್ದರು. ಬೂದು ಬಣ್ಣದ್ದು, ಹೆಬ್ಬೆರಳಿನಷ್ಟು, ಹನ್ನೊಂದನೇ ನಂಬರು. ಅದನ್ನು ನನ್ನ ಅಂಗೈಯಲ್ಲಿಟ್ಟರು.

"ಇದಕ್ಕೆ ನೀವೇ ಹಾಕಿ ಸರ್" ಎಂದರು. "ಆವತ್ತು ನೀವೂ ನೋಡಿದ್ರಲ್ಲ."

ದೀಪವನ್ನು ಎಡಗಡೆಗೆ ಎತ್ತಿ ಹಿಡಿದು ನೋಡಿದೆ. ಆ ಕಲ್ಲಿನ ಒಂದೊಂದು ಗೆರೆಯೂ ನನಗೆ ಬಾಯಿಪಾಠ. ಅಂಚಿನಲ್ಲಿ ಎಷ್ಟು ಚಕ್ಕೆ ಎದ್ದಿವೆ, ಯಾವುದು ಮೊದಲು, ಯಾವುದು ಆಮೇಲೆ, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಕಪ್ಪು ಎಲ್ಲಿತ್ತು? ಬೆನ್ನಿನ ಮೇಲೆ ಎಂದು ಉಳಿದ ಕಲ್ಲುಗಳಿಂದ ಊಹಿಸಬಹುದಿತ್ತು. ಎಡಕ್ಕೋ ಬಲಕ್ಕೋ, ಎಷ್ಟುದ್ದವೋ. ಊಹೆಯಿಂದ ಗೆರೆ ಎಳೆಯಲು ಪೆನ್ಸಿಲು ಕಾಗದಕ್ಕೆ ತಾಗಿಸಿದೆ, ಮತ್ತೆ ಎತ್ತಿದೆ. ಅವರು ಅದನ್ನು ನನ್ನ ಕಣ್ಣಮುಂದೆ ಹಿಡಿದಿದ್ದರು. ನಾನು ಕೈಯಲ್ಲಿ ತೆಗೆದುಕೊಂಡು ನೋಡಿದ್ದೆ. ನನಗೆ ಏನೂ ಕಂಡಿರಲಿಲ್ಲ.

"ನೆನಪಿಲ್ಲ ಅಕ್ಕ" ಎಂದೆ.

ಅವರು ನನ್ನ ಬೆರಳ ನಡುವಿನಿಂದ ಪೆನ್ಸಿಲು ತೆಗೆದುಕೊಂಡು, ಚಿತ್ರವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಕಲ್ಲನ್ನು ಒಮ್ಮೆಯೂ ನೋಡದೆ, ಬೆನ್ನಿನ ಬಲಮೂಲೆಯಿಂದ ನಡುವಿನವರೆಗೆ ಚುಕ್ಕಿಗೆರೆ ಹಾಕಿದರು. ಚುಕ್ಕಿಗಳು ಒಂದು ದಪ್ಪ, ಒಂದು ತೆಳು, ಸಾಲು ಸ್ವಲ್ಪ ಸೊಟ್ಟ. ನಾನು ಅದನ್ನು ತಿದ್ದಲಿಲ್ಲ, ಹಾಗೇ ಅಚ್ಚಿಗೆ ಕಳಿಸಿದೆ. ಅಕ್ಕ ಪೆನ್ಸಿಲನ್ನು ನನ್ನ ಜೇಬಿಗೆ ಸಿಕ್ಕಿಸಿ, ಸ್ಟೂಲನ್ನು ಗೋಡೆಯ ಬದಿಗೆ ಸರಿಸಿಟ್ಟು, ಕೈ ತೊಳೆದುಕೊಂಡು ಮನೆಗೆ ಹೊರಟರು.